ನಾಲ್ಕನೇ ಕಮಾನಿನ ನೆರಳು

ಫೆಬ್ರವರಿ 11, ಸೋಮವಾರ

ಮೂವತ್ತಮೂರು ವರ್ಷ ಯಾವುದರಿಂದ ತಪ್ಪಿಸಿಕೊಂಡು ತಿರುಗಿದೆನೋ ಅದು ಇವತ್ತು ನನ್ನ ಮೇಜಿಗೇ ಬಂದು ಕುಳಿತಿತು. ಮೇಷ್ಟ್ರು ಬರೆದ ಚಿತ್ರ. ಬೆಳಿಗ್ಗೆ ಇಬ್ಬರು ಕಂಬಳಿ ಸುತ್ತಿ ಹೊತ್ತು ತಂದರು. ಅವರ ಹಿಂದೆಯೇ ಡೈರೆಕ್ಟರು.

“ನಿಮ್ಮ ಗುರುಗಳ ಚಿತ್ರ. ನಿಮ್ಮ ಸರ್ವೀಸಿನ ಕೊನೇ ಕೆಲಸ ಇದೇ ಆಗ್ಲಿ ಅಂತ ನಾನೇ ಹಟ ಹಿಡಿದು ಕೆಳಗಿಳಿಸ್ದೆ. ಹೊಸ ಪ್ರದರ್ಶನ ಇದರಿಂದ್ಲೇ ಶುರು,” ಎಂದರು. ದೊಡ್ಡ ಉಪಕಾರ ಮಾಡಿದವರ ಮುಖ. ಬೇಡ ಎನ್ನಲು ಬಾಯಿ ತೆರೆದೆ, “ಆಗ್ಲಿ” ಎಂದು ಬಂತು. ನನ್ನ ಬಾಯಿಯೇ ಹಾಗೆ, ಬೇಕಾದಾಗ ಕೈಕೊಡುತ್ತದೆ.

ನಿವೃತ್ತಿಗೆ ಇನ್ನು ಏಳು ವಾರ. ಮ್ಯೂಸಿಯಮ್ಮಿನ ಹಳೆಯ ಚಿತ್ರಗಳ ಕೊಳೆ ತೆಗೆದು, ಹರಿದದ್ದಕ್ಕೆ ತೇಪೆ ಹಾಕಿ, ಸೀಳಿದ ಚೌಕಟ್ಟಿಗೆ ಅಂಟು ಬಳಿದು ಮೂವತ್ತಾರು ವರ್ಷ ಕಳೆದೆ. ಕೊನೆಯ ಏಳು ವಾರ ಯಾವುದಾದರೂ ಹೂದಾನಿಯ ಚಿತ್ರ ಒರೆಸಿಕೊಂಡು ಕೂರಬಹುದು ಎಂದುಕೊಂಡಿದ್ದೆ.

ಆಫೀಸಿನಿಂದ ಒಂದು ಫಾರಂ ಕೂಡ ಬಂತು. ಪ್ರದರ್ಶನದ ಉದ್ಘಾಟನೆಯ ದಿನವೇ ನನ್ನ ಬೀಳ್ಕೊಡುಗೆಯಂತೆ, ಒಂದೇ ಖರ್ಚಿನಲ್ಲಿ ಎರಡು ಕೆಲಸ. ‘ಕುಟುಂಬದಿಂದ ಎಷ್ಟು ಜನ ಬರುತ್ತಾರೆ?’ ಸೊನ್ನೆ ಬರೆದು ಕೊಟ್ಟೆ.

ಸಂಜೆ ಗೇಟಿನಲ್ಲಿ ಕಾವಲಿನ ಮೀಸೆಯಣ್ಣ ತಡೆದ. “ಮೇಡಂ, ಇವತ್ತೂ ತಲೇಲಿ ಕುಂಚ ಸಿಕ್ಕಿಸ್ಕೊಂಡೇ ಹೊರಟ್ರಿ. ಸರ್ಕಾರಿ ಆಸ್ತಿ ಕದೀತಿದೀರಿ ಅಂತ ಬರ್ಕೊಳ್ಲಾ?” ಎಂದ. ತುರುಬಿನಿಂದ ಕಿತ್ತು ಚೀಲಕ್ಕೆ ಹಾಕಿಕೊಂಡು ಕೋಣೆಗೆ ಬಂದೆ. ಇಪ್ಪತ್ತೆರಡನೇ ವಯಸ್ಸಿನ ಚಾಳಿ, ಇನ್ನೆಲ್ಲಿ ಹೋಗುತ್ತದೆ.

ಫೆಬ್ರವರಿ 14, ಗುರುವಾರ

ಮೂರು ದಿನ ಕಂಬಳಿ ತೆಗೆಯಲಿಲ್ಲ. ಇವತ್ತು ತೆಗೆದೆ.

ಖಾಲಿ ಚೌಕ. ಎರಡೂ ಬದಿಗೆ ಕಮಾನುಗಳ ಸಾಲು, ಹಿಂದೆ ಗಡಿಯಾರದ ಗೋಪುರ, ನಡುವೆ ಯಾರೂ ಕೂರದ ಒಂದು ಮರದ ಕುರ್ಚಿ, ಹಸಿರು ಬೆರೆತ ಆಕಾಶ. ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ ಇದೆ, ನೆರಳುಗಳು ಮಾತ್ರ ಸಂಜೆಯಷ್ಟು ಉದ್ದ. ಇದು ಕನಸಿನ ಕಾಲ, ಇಹಕ್ಕೂ ಆಚೆಯ ಪಟ್ಟಣ ಎಂದು ಈ ಚಿತ್ರದ ಮೇಲೆ ಕಲಾ ಇತಿಹಾಸದ ಪ್ರೊಫೆಸರಮ್ಮ ಹದಿನಾಲ್ಕು ಪುಟ ಬರೆದಿದ್ದಾರೆ. ಆ ಗೋಪುರದ ಗಡಿಯಾರ ಕೆಟ್ಟು ನಿಂತಿತ್ತು. ಮೇಷ್ಟ್ರು ಕೆಲಸ ಮುಗಿಸಿ, ಐದು ಗಂಟೆಗೆ ಇದೇ ಕಿಟಕಿಯಲ್ಲಿ ನಿಂತು ಕುಂಚ ಹಿಡಿಯುತ್ತಿದ್ದರು. ಅಷ್ಟೇ ವಿಷಯ. ಕುರ್ಚಿ ಮೋಚಿಯದು, ಅವನು ಚಹಾಕ್ಕೆ ಹೋಗಿರುತ್ತಿದ್ದ.

ಆದರೂ ನೋಡುತ್ತ ಕುಳಿತರೆ ಪ್ರೊಫೆಸರಮ್ಮ ಹೇಳುವುದೂ ಸುಳ್ಳಲ್ಲ ಎನಿಸುತ್ತದೆ. ಆ ಚೌಕ ಈಗ ಎಲ್ಲಿದೆ? ಕಿಟಕಿ ತೆರೆದರೆ ಕಾರು ನಿಲ್ಲಿಸುವ ಜಾಗ, ಹಳದಿ ಗೆರೆಗಳು. ಕಮಾನುಗಳಲ್ಲಿ ಮೂರು ಉಳಿದಿವೆ, ಅವಕ್ಕೂ ರೋಲಿಂಗ್ ಷಟರ್ ಹಾಕಿದ್ದಾರೆ.

ಎಡಗಡೆ ನಾಲ್ಕನೇ ಕಮಾನಿನ ಪಕ್ಕದಲ್ಲಿ, ನೆಲದ ಮೇಲೆ, ಒಂದು ನೆರಳು ಬಿದ್ದಿದೆ. ಮನುಷ್ಯರದು. ತಲೆಯಿಂದ ಕಡ್ಡಿಯಂಥದ್ದೊಂದು ಅಡ್ಡಕ್ಕೆ ಚಾಚಿದೆ. ಕುಂಚ ಜಾರಿದ್ದಿರಬೇಕು, ಪ್ರೊಫೆಸರಮ್ಮ ಅದಕ್ಕೆ ‘ಕಾಲದ ಮುಳ್ಳು’ ಎಂದು ಹೆಸರಿಟ್ಟಿದ್ದಾರೆ. ನೆರಳಿದೆ, ಆಳಿಲ್ಲ. ಚಿತ್ರದ ಖ್ಯಾತಿಯೆಲ್ಲ ನಿಂತಿರುವುದು ಇದರ ಮೇಲೆ. ‘ಒಡೆಯರಿಲ್ಲದ ನೆರಳು’ ಎಂದು ಪೋಸ್ಟರಿಗೂ ಅದನ್ನೇ ಹಾಕುತ್ತಾರಂತೆ.

ಆಳು ಇತ್ತು. ನನಗೊಬ್ಬಳಿಗೆ ಗೊತ್ತು.

ಫೆಬ್ರವರಿ 17, ಭಾನುವಾರ

ಬರೆದುಬಿಡುತ್ತೇನೆ. ಇಲ್ಲಿ ಓದುವವರು ಯಾರಿದ್ದಾರೆ.

ಆಗ ನನಗೆ ಇಪ್ಪತ್ತೈದು. ಅಪ್ಪ ಅಮ್ಮ ಇಲ್ಲದವಳು. ಚಿಕ್ಕಪ್ಪನ ಮನೆಯಲ್ಲಿ ‘ಇವಳೊಬ್ಬಳು’ ಎನಿಸಿಕೊಂಡು ಬೆಳೆದು, ಮೊದಲ ಸಂಬಳ ಬಂದ ತಿಂಗಳೇ ಹಾಸ್ಟೆಲ್ಲಿಗೆ ಬಂದಿದ್ದೆ. ಮೇಷ್ಟ್ರ ಕೈಕೆಳಗೆ ಮೂರು ವರ್ಷವಾಗಿತ್ತು. ದಿನಾ ಒಂದು ಗಂಟೆಗೆ ಅವರ ಹೆಂಡತಿ ಚೌಕ ದಾಟಿ ಊಟದ ಡಬ್ಬಿ ತರುತ್ತಿದ್ದರು. ನಾನು ಅಮ್ಮಾವ್ರು ಎನ್ನುತ್ತಿದ್ದೆ. ಡಬ್ಬಿ ಮೂರಂತಸ್ತಿನದು, ಇಬ್ಬರಿಗೆ ಎಂದು ಹೇಳಿ ಮೂವರಿಗಾಗುವಷ್ಟು ತುಂಬಿರುತ್ತಿದ್ದರು. “ಸೊರಗಿ ಕಡ್ಡಿ ಆಗಿದೀಯ, ತಿನ್ನು,” ಎಂದು ಎದುರಿಗೇ ಕೂರುತ್ತಿದ್ದರು. ಸಂಜೆ ಐದಕ್ಕೆ ಖಾಲಿ ಡಬ್ಬಿ ಅವರ ಮನೆಗೆ ಮುಟ್ಟಿಸುವುದು ನನ್ನ ಕೆಲಸ. ಮುಟ್ಟಿಸಿ ಬರುವುದಕ್ಕೆ ಐದು ನಿಮಿಷ ಸಾಕು, ಅಮ್ಮಾವ್ರು ಚಹಾ ಕೊಟ್ಟು, ಎಣ್ಣೆ ಕಾಣದ ನನ್ನ ತಲೆ ನೋಡಿ ಬೈದು, ದೀಪ ಹಚ್ಚುವ ತನಕ ಬಿಡುತ್ತಿರಲಿಲ್ಲ. ಆ ಅಡುಗೆಮನೆಯ ಸ್ಟೂಲು ನನಗೆ ಈಗಲೂ ಕಾಣುತ್ತದೆ. ಒಂದು ಕಾಲು ಕುಂಟು.

ಒಂದು ವರ್ಷ ಮೇಷ್ಟ್ರು ಈ ಚಿತ್ರವನ್ನು ಬಟ್ಟೆ ಮುಚ್ಚಿಟ್ಟು ಬರೆದರು. ಯಾರಿಗೂ ತೋರಿಸಲಿಲ್ಲ. ಒಂದು ದಿನ ಬೇರೆ ಊರಿಗೆ ಎರಡು ದಿನದ ಕೆಲಸಕ್ಕೆ ಹೊರಟವರು ಬಟ್ಟೆ ಎಳೆದು, “ವಾರ್ನಿಷ್ ಮೇಲೆ ಧೂಳು ಕೂತಿದೆ, ಒರೆಸಿಡು. ನಾಲ್ಕನೇ ಕಮಾನಿನ ಹತ್ರ ಚೆನ್ನಾಗಿ ನೋಡು,” ಎಂದು ನಗುತ್ತ ಹೋದರು.

ಅವರು ಕಲಿಸಿದ ಮೊದಲ ಪಾಠ: “ಚಿತ್ರಕ್ಕೆ ಮೊದ್ಲು ನಿನ್ನ ಉಗುಳು. ಅದಕ್ಕೆ ಬಗ್ಗದಿದ್ರೆ ಸೋಪಿನ ನೀರು. ಅದಕ್ಕೂ ಬಗ್ಗದಿದ್ರೆ ಮೂರು ದಿನ ಯೋಚ್ನೆ ಮಾಡು. ಆಮೇಲೆ ಟರ್ಪೆಂಟೈನ್.” ಅವತ್ತು ಇನ್ನೂ ನಾಲ್ಕು ಚಿತ್ರ ಬಾಕಿಯಿದ್ದವು. ಉಗುಳು ಹಚ್ಚಿ ಒಂದೊಂದೇ ಅಂಗುಲ ಉಜ್ಜಲು ಬೇಸರವಾಯಿತು. ನೇರವಾಗಿ ಟರ್ಪೆಂಟೈನಿಗೆ ಹತ್ತಿ ಅದ್ದಿದೆ. ನಾಲ್ಕನೇ ಕಮಾನಿನ ಹತ್ತಿರ ನೀಲಿ ಬಟ್ಟೆ ಉಟ್ಟ ಹೆಬ್ಬೆರಳುದ್ದದ ಒಂದು ಹೆಂಗಸಿನ ಆಕೃತಿ ಇತ್ತು. ಎದೆಗೆ ಏನನ್ನೋ ಅವಚಿಕೊಂಡಿತ್ತು. ಡಬ್ಬಿ. ಅಯ್ಯೋ, ಅಮ್ಮಾವ್ರು ಎಂದುಕೊಂಡೆ, ಖುಷಿಯಾಯಿತು, ಮುಖ ಇನ್ನಷ್ಟು ಸ್ಪಷ್ಟ ಕಾಣಲಿ ಎಂದು ಅಲ್ಲೇ ಎರಡು ಸಲ ಹೆಚ್ಚಿಗೆ ಉಜ್ಜಿದೆ. ಹತ್ತಿಯ ತುದಿ ನೀಲಿಯಾಯಿತು. ನೋಡುವಷ್ಟರಲ್ಲಿ ಆಕೃತಿ ಇಲ್ಲ. ಅದರಡಿಯ ಕಲ್ಲುಹಾಸು ಅಚ್ಚುಕಟ್ಟಾಗಿ ಹೊರಬಂದಿತ್ತು. ಕೈ ಅಲ್ಲೇ ನಿಂತಿತು, ಅದಕ್ಕೇ ನೆರಳು ಉಳಿಯಿತು.

ಕಿತ್ತುಬಂದ ಕಡೆಗೆ ಹೊಸ ವಾರ್ನಿಷ್ ಬಳಿದು ಮುಚ್ಚಿದೆ.

ಮೇಷ್ಟ್ರು ಬಂದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತು, ತಿರುಗದೆಯೇ ಕೇಳಿದರು. “ನೋಡಿದ್ಯಾ?”

“ನೋಡ್ದೆ ಮೇಷ್ಟ್ರೇ. ಒರೆಸ್ದೆ.”

“ಸರಿ ಬಿಡು,” ಎಂದರು.

ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮರುವಾರದಿಂದ ಅಮ್ಮಾವ್ರು ಡಬ್ಬಿ ತರುವುದನ್ನು ನಿಲ್ಲಿಸಿದರು. ಮೊಣಕಾಲು ನೋವು ಎಂದರು ಮೇಷ್ಟ್ರು. ಅವರೇ ತಂದು ಅವರೇ ಒಯ್ಯತೊಡಗಿದರು. ನನಗೆ ಚೌಕ ದಾಟುವ ಕಾರಣ ತಪ್ಪಿತು. ತನ್ನ ಚಿತ್ರ ಅಳಿಸಿದವಳನ್ನು ಯಾರು ಮನೆಗೆ ಕರೆಯುತ್ತಾರೆ? ಅಮ್ಮಾವ್ರು ಹೋಗಿ ಹನ್ನೊಂದು ವರ್ಷವಾಯಿತು. ಅವರದು ಅಂತ ಉಳಿಯಬಹುದಾಗಿದ್ದ ಒಂದೇ ಚಿತ್ರ ಅದು. ಫೋಟೋ ಎಂದರೆ ಮುಖ ತಿರುಗಿಸುವವರು ಅವರು.

ಫೆಬ್ರವರಿ 20, ಬುಧವಾರ

ಆಕಾಶದ ಅರ್ಧ ಭಾಗ ಮುಗಿಯಿತು. ಉಗುಳಿನಲ್ಲೇ. ಬಾಯಿ ಒಣಗಿ ಹಂಚಾಗಿದೆ.

ಫೆಬ್ರವರಿ 26, ಮಂಗಳವಾರ

ವರದಿಯ ಫಾರಂ ಬಂದಿದೆ. ನಾಲ್ಕನೇ ಕಲಂ: ‘ಹಿಂದೆ ಆದ ಹಾನಿ, ಮಾಡಿದವರು, ಕಾರಣ’. ಪ್ರತಿ ಚಿತ್ರಕ್ಕೂ ತುಂಬಿಸಿದ್ದೇನೆ. ಎಷ್ಟೋ ವರ್ಷದ ಹಿಂದೆ ಸತ್ತುಹೋದ ಯಾರದೋ ಕೆಟ್ಟ ಕೈಕೆಲಸವನ್ನು ‘ಅಜಾಗರೂಕತೆ’ ಎಂದು ಎಷ್ಟು ಸಲ ಬರೆದಿಲ್ಲ! ಈಗ ಪೆನ್ನು ಏಳುತ್ತಿಲ್ಲ. ‘ಇಲ್ಲ’ ಎಂದು ಬರೆದು ಸಹಿ ಹಾಕಿದರೆ ಮುಗಿಯಿತು, ಕೇಳುವವರಿಲ್ಲ. ಬರೆದರೆ ಇಷ್ಟು ವರ್ಷ ಗಳಿಸಿದ ‘ಕೈ ಒಳ್ಳೇದು’ ಎಂಬ ಮಾತು ಹೋಗುತ್ತದೆ. ಹೋಗಲಿ. ಮೇಷ್ಟ್ರಿಗೆ ಎಂಬತ್ತಾರು. ಅವರು ಅದನ್ನು ಬೇರೆಯವರ ಬಾಯಿಂದ ಕೇಳಬಾರದು. ಮೊದಲು ಅವರಿಗೆ ನಾನೇ ಹೇಳಬೇಕು.

ಮಾರ್ಚ್ 3, ಭಾನುವಾರ

ಹೋದೆ. ಬಂದೆ. ಹೇಳಲಿಲ್ಲ.

ವರ್ಷಕ್ಕೊಮ್ಮೆ ಹಣ್ಣು ಹಿಡಿದು ಹೋಗಿ ಹತ್ತು ನಿಮಿಷದಲ್ಲಿ ಓಡಿಬರುವವಳು ಅವೇಳೆಯಲ್ಲಿ ಬಂದದ್ದು ಕಂಡು ಮೇಷ್ಟ್ರ ತಂಗಿ ಬಾಗಿಲಲ್ಲೇ ಕೇಳಿದರು. “ಯಾರಾದ್ರೂ ಹೋಗ್ಬಿಟ್ರಾ?” ಗಂಡ ತೀರಿಕೊಂಡ ಮೇಲೆ ಅಣ್ಣನ ಜೊತೆಗೇ ಇದ್ದಾರೆ. ನಾಲಿಗೆ ಸ್ವಲ್ಪ ಉದ್ದ, ಮನಸ್ಸು ಒಳ್ಳೆಯದು.

ಮೇಷ್ಟ್ರಿಗೆ ಕಣ್ಣು ಪೂರ್ತಿ ಮಂಜು. ಹೆಜ್ಜೆ ಸಪ್ಪಳ ಕೇಳಿಯೇ, “ಬಂದ್ಯಾ? ಟರ್ಪೆಂಟೈನ್ ವಾಸ್ನೆ ಬಾಗಿಲಿಂದ್ಲೇ ಬಂತು,” ಎಂದರು. ಆ ಒಂದು ಪದ ಕೇಳಿದ್ದೇ ಮಾತು ತಿರುಗಿಸಿದೆ. ಪೇಪರ್ ಓದಿ ಹೇಳಿ ಬಂದೆ.

ಮಾರ್ಚ್ 10, ಭಾನುವಾರ

ಹೇಳಿದೆ.

ಕುಳಿತು ಉಸಿರು ತೆಗೆದುಕೊಳ್ಳುವ ಮೊದಲೇ ಒದರಿಬಿಟ್ಟೆ. “ಮೇಷ್ಟ್ರೇ, ನಾಲ್ಕನೇ ಕಮಾನಿನ ಹತ್ರ ಅಮ್ಮಾವ್ರನ್ನ ಅಳಿಸಿದ್ದು ನಾನು.”

“ಯಾರನ್ನ?”

“ಅಮ್ಮಾವ್ರನ್ನ. ಉಗುಳಲ್ಲಿ ಒರೆಸ್ಬೇಕಿತ್ತು, ಅವಸರ ಬಿದ್ದು ಟರ್ಪೆಂಟೈನ್ ಹಾಕ್ಬಿಟ್ಟೆ. ಎದ್ದು ಬಂತು. ಹೇಳೋಕೆ ಧೈರ್ಯ ಬರ್ಲಿಲ್ಲ. ಈಗ್ಲೂ ಇಲ್ಲ, ಆದ್ರೂ ಹೇಳ್ತಿದೀನಿ.”

ಮೇಷ್ಟ್ರು ಕುರ್ಚಿಯ ಕೈಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು, ಕೊಳೆ ತೆಗೆಯುವ ಹಾಗೆ.

“ಅವಸರ ಬಿದ್ದು,” ಎಂದರು ಕೊನೆಗೆ. “ಅಂದ್ರೆ, ಬೇಕೂಂತ ಅಲ್ಲ.”

“ಬೇಕೂಂತ ಯಾಕೆ ಅಳಿಸ್ಲಿ ಮೇಷ್ಟ್ರೇ!”

“ಮಂಕೇ,” ಎಂದರು. ಆ ಹೆಸರಿನಿಂದ ನನ್ನನ್ನು ಕರೆದು ಮೂವತ್ತಮೂರು ವರ್ಷವಾಗಿತ್ತು. “ಮಧ್ಯಾಹ್ನ ಒಂದು ಗಂಟೇಲಿ ಯಾರ ನೆರಳು ಅಷ್ಟುದ್ದ ಬೀಳುತ್ತೆ ಹೇಳು? ಅವಳು ಬರ್ತಿದ್ದದ್ದು ಒಂದಕ್ಕೆ. ಐದಕ್ಕೆ ಡಬ್ಬಿ ಅವಚ್ಕೊಂಡು ಚೌಕ ದಾಟ್ತಿದ್ದವಳು ಯಾರು?”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅದು ನಾನು.

ಅಡುಗೆಮನೆಯಿಂದ ಅವರ ತಂಗಿ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಉಳಿದದ್ದನ್ನು ಹೇಳಿದ್ದು ಅವರೇ. “ಒಂದು ಕೋಣೆಗೆ ಸುಣ್ಣ ಹೊಡೆಸಿದ್ರು. ಮಂಚ ತರಿಸಿದ್ರು, ನಾನೀಗ ಮಲಗೋದು ಅದ್ರಲ್ಲೇ. ಮಕ್ಕಳಿಲ್ಲ, ಈ ಹುಡುಗಿ ನಮ್ಮ ಮಗಳಾಗಿ ಇಲ್ಲೇ ಇರ್ಲಿ ಅಂತ ಅತ್ತಿಗೆ ಆಸೆ. ಬಾಯಿಬಿಟ್ಟು ಕೇಳ್ರೀ ಅಂದ್ರೆ ಇವನು, ಚಿತ್ರದಲ್ಲಿ ಸೇರಿಸ್ತೀನಿ, ನೋಡ್ಕೊಂಡು ಅವಳೇ ಕೇಳ್ತಾಳೆ, ಆಗ ಹೇಳ್ತೀನಿ ಅಂದ. ಊರಿಂದ ಬಂದು ನೋಡಿದ್ರೆ ನೀನು ಒರೆಸಿ ಚೊಕ್ಕ ಮಾಡಿಟ್ಟಿದೀಯ.”

“ಅದೇ ನಿನ್ನ ಉತ್ತರ ಅಂದ್ಕೊಂಡೆ,” ಎಂದರು ಮೇಷ್ಟ್ರು. “ಮನೆಗೆ ಬಂದು ಹೇಳ್ದೆ. ಹುಡುಗಿಗೆ ಇಷ್ಟ ಇಲ್ಲ ಅಂದ್ರೆ ಬಲವಂತ ಮಾಡ್ಬೇಡಿ ಅಂದ್ಲು. ನಿನ್ನ ಮುಖ ನೋಡಿದ್ರೆ ಅಳು ಬರುತ್ತೆ ಅಂತ ಡಬ್ಬಿ ತರೋದು ಬಿಟ್ಲು.”

ಅಳು ಬರಬೇಕಾಗಿತ್ತು. ಬಂದದ್ದು ಸಿಟ್ಟು. “ವಾರ್ನಿಷ್ ಮೇಲೆ ಬಣ್ಣ ಹಚ್ಚೋನು ಕತ್ತೆ ಅಂತ ನೀವೇ ಹೇಳಿಕೊಟ್ಟಿದ್ರಲ್ಲ! ವಾರ್ನಿಷ್ ಕೆಳಗೆ ಹಚ್ಚಿದ್ರೆ ಟರ್ಪೆಂಟೈನಿಗೆ ಹಾಗೆ ಎದ್ದು ಬರ್ತಿತ್ತಾ?”

“ಮೇಲೇ ಹಚ್ದೆ. ಕತ್ತೆ ಕೆಲಸನೇ. ಊರಿಗೆ ಹೊರಡೋಕೆ ಒಂದು ವಾರ ಇತ್ತು, ತಡ್ಕೊಳ್ಳೋಕೆ ಆಗ್ಲಿಲ್ಲ.”

“ನಿಮ್ಮಿಬ್ಬರ ಬಾಯಿಗೆ ಏನು ಬೀಗ ಜಡಿದಿದ್ರಾ?” ಎಂದು ಅವರ ತಂಗಿ ಕಿರುಚಿದರು. “ಒಂದು ಮಾತು! ಒಂದು ಮಾತು ಆಡಿದ್ರೆ ಅತ್ತಿಗೆ ನೆಮ್ಮದಿಯಾಗಿ ಹೋಗ್ತಿದ್ಲು!”

ಆಗ ಅತ್ತೆ. ಮೂವರೂ ಅತ್ತೆವು. ಚಹಾ ಆರಿಹೋಯಿತು, ಅದನ್ನೇ ಕುಡಿದೆವು. ಆ ಕುಂಟು ಕಾಲಿನ ಸ್ಟೂಲು ಈಗಲೂ ಅಡುಗೆಮನೆಯಲ್ಲೇ ಇದೆ.

ಮಾರ್ಚ್ 11, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ಮೂವತ್ತಾರು ವರ್ಷದಲ್ಲಿ ಜ್ವರವಿಲ್ಲದೆ ಹಾಕಿದ ಮೊದಲ ರಜೆ.

ಮಾರ್ಚ್ 12, ಮಂಗಳವಾರ

ಮಧ್ಯಾಹ್ನ ನೆರಳಿನ ಮೇಲಿನ ಕೊಳೆ ತೆಗೆಯುತ್ತಿದ್ದೆ. ಸಣ್ಣ ಕುಂಚ ಬೇಕಾಯಿತು, ಹುಡುಕಿದೆ, ಮೇಜಿನ ಮೇಲಿಲ್ಲ. ಅಭ್ಯಾಸದಂತೆ ಕೈ ತುರುಬಿಗೆ ಹೋಯಿತು. ಅಲ್ಲಿತ್ತು.

ಕುಂಚ ಹಿಡಿದುಕೊಂಡು ನೆರಳಿನ ತಲೆಯನ್ನೇ ನೋಡುತ್ತ ಕುಳಿತೆ. ಅಡ್ಡಕ್ಕೆ ಚಾಚಿದ ಕಡ್ಡಿ. ಎಲ್ಲರ ಚಿತ್ರಗಳ ಸಣ್ಣ ಬಿರುಕನ್ನೂ ಭೂತಗನ್ನಡಿ ಹಿಡಿದು ಹುಡುಕಿದವಳು ನಾನು. ಕಣ್ಣೆಲ್ಲಿಟ್ಟಿದ್ದೆ ಇಷ್ಟು ವರ್ಷ?

ಅಮ್ಮಾವ್ರು ಪಕ್ಕದಲ್ಲಿದ್ದರೆ ತಲೆಗೆ ಮೊಟಕುತ್ತಿದ್ದರು. ಅವರಿಗೆ ಒಂದು ಸಲ ‘ಹೂಂ’ ಎನ್ನಲು ಆಗಲಿಲ್ಲವಲ್ಲ, ಅದೊಂದು ಉರಿ ನನ್ನ ಜೊತೆಗೇ ಇರುತ್ತದೆ.

ಮಾರ್ಚ್ 17, ಭಾನುವಾರ

ಬೆಳಿಗ್ಗೆಯೇ ಹೋದೆ. ನಾನೇ ಅಡುಗೆ ಮಾಡಿ ಡಬ್ಬಿಗೆ ಹಾಕಿಕೊಂಡು ಹೋಗಿದ್ದೆ. ಉಪ್ಪು ಕಡಿಮೆ ಎಂದು ಅತ್ತೆ ಮೂರು ಸಲ ಹೇಳಿ ಮೂರು ಸಲ ಬಡಿಸಿಕೊಂಡರು. ಮೇಷ್ಟ್ರ ತಂಗಿಯನ್ನು ಇನ್ನೇನೆಂದು ಕರೆಯುವುದು, ‘ಇವರೇ’ ಎಂದು ಎಷ್ಟು ದಿನ ಕೂಗಲಿ.

“ಮೇಷ್ಟ್ರೇ, ಆಕೃತಿ ತಿರುಗಿ ಬರೆದುಬಿಡ್ಲಾ? ನೀಲಿ ಯಾವುದು ಅಂತ ನೆನಪಿದೆ,” ಎಂದು ಕೇಳಿದೆ.

“ಎಷ್ಟು ವಯಸ್ಸಿನವಳನ್ನ ಬರೀತೀಯ?” ಎಂದರು. “ಇಪ್ಪತ್ತೈದರವಳು ನನಗೆ ಗೊತ್ತಿದ್ಲು, ನಾನು ಬರೀಬೇಕಿತ್ತು. ಈಗ ಕಣ್ಣಿಲ್ಲ. ನೀನು ಬರೆದ್ರೆ ಅದು ತೇಪೆ. ನೆರಳು ನಾನೇ ಹಾಕಿದ್ದು, ಅದಿದೆಯಲ್ಲ, ಸಾಕು.”

ಮನೆಯಿಂದ ಹೊರಡುವಾಗ ಅತ್ತೆ ಖಾಲಿ ಡಬ್ಬಿ ಕೊಡಲಿಲ್ಲ. ತೊಳೆದಿಡುತ್ತೇನೆ, ನಾಳೆ ಸಂಜೆ ಬಂದು ಒಯ್ಯಿ ಎಂದರು.

ಮಾರ್ಚ್ 19, ಮಂಗಳವಾರ

ವರದಿ ಬರೆದು ಕೊಟ್ಟೆ. ನಾಲ್ಕನೇ ಕಲಂ: ‘ಎಡಗಡೆಯ ನಾಲ್ಕನೇ ಕಮಾನಿನ ಬಳಿ ಇದ್ದ ಒಂದು ಆಕೃತಿ ಮೂವತ್ತಮೂರು ವರ್ಷದ ಹಿಂದೆ ಟರ್ಪೆಂಟೈನಿನಿಂದ ಅಳಿಸಿಹೋಗಿದೆ. ಕಾರಣ: ಅವಸರ. ಅಳಿಸಿದವರು: ಕೆಳಗೆ ಸಹಿ ಮಾಡಿದವರು. ಆಕೃತಿಯಲ್ಲಿದ್ದವರು: ಅವರೇ.’

ಡೈರೆಕ್ಟರು ಎರಡು ಸಲ ಓದಿದರು. “ಇದನ್ನ ಬರೀಲೇಬೇಕಾ? ‘ಒಡೆಯರಿಲ್ಲದ ನೆರಳು’ ಅಂತ ಪೋಸ್ಟರ್ ಅಚ್ಚಾಗೋಯ್ತು. ಹೋಗೋ ಹೊತ್ತಲ್ಲಿ ನೀವ್ಯಾಕೆ ನಿಮ್ಮ ತಲೆ ಮೇಲೆ ನೀವೇ ಕಲ್ಲು ಹಾಕ್ಕೋತೀರಿ?”

“ಬರೀಲೇಬೇಕು ಸರ್,” ಎಂದೆ. ಈ ಸಲ ಬಾಯಿ ಕೈಕೊಡಲಿಲ್ಲ.

ಪ್ರೊಫೆಸರಮ್ಮ ಅಲ್ಲೇ ಇದ್ದರು. ಓದಿ, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿದರು. ಹದಿನಾಲ್ಕು ಪುಟ ಕಣ್ಣ ಮುಂದೆ ಬಂದಿರಬೇಕು, ಪಾಪ. “ಹಾಗಾದ್ರೆ ಆ ಕಾಲದ ಮುಳ್ಳು?” ಎಂದರು.

“ಎರಡನೇ ನಂಬರಿನ ಕುಂಚ,” ಎಂದೆ, ತಲೆ ತಿರುಗಿಸಿ ತೋರಿಸಿದೆ.

ಕೆಮ್ಮು ಬರುವ ತನಕ ನಕ್ಕರು. ಆಮೇಲೆ ನನ್ನ ಕೈ ಹಿಡಿದು, “ಹದಿನೈದನೇ ಪುಟ ಬರೀತೀನಿ,” ಎಂದರು. ಒಳ್ಳೆಯ ಹೆಂಗಸು, ಇಷ್ಟು ವರ್ಷ ಸುಮ್ಮನೆ ಬೈದುಕೊಂಡೆ.

ಹೊರಗೆ ಬರುತ್ತ ಮೀಸೆಯಣ್ಣನಿಗೆ ಹೇಳಿದೆ, “ಉದ್ಘಾಟನೆ ದಿನ ಮುಂದಿನ ಸಾಲಲ್ಲಿ ಎರಡು ಕುರ್ಚಿ ಇಡಪ್ಪ. ಒಂದಕ್ಕೆ ಕೈ ಇರ್ಬೇಕು. ನಮ್ಮ ಮನೆಯವರು ಬರ್ತಾರೆ.”

“ಫಾರಮ್ಮಿನಲ್ಲಿ ಸೊನ್ನೆ ಅಂತಿತ್ತಲ್ಲ ಮೇಡಂ?”

“ತಿದ್ಕೋ,” ಎಂದೆ.

ಮಾರ್ಚ್ 29, ಶುಕ್ರವಾರ

ಕಾಲು ನೋಯುತ್ತಿದೆ, ಬರೆದು ಮಲಗುತ್ತೇನೆ.

ಭಾಷಣಗಳು ಆದವು, ಹಾರ ಹಾಕಿದರು, ಒಂದು ಗಡಿಯಾರ ಕೊಟ್ಟರು. ಇದಾದರೂ ಓಡುತ್ತದೆ. ಡೈರೆಕ್ಟರು ನನ್ನ ಬಗ್ಗೆ ಮಾತಾಡುವಾಗ ಅತ್ತೆ ಎಲ್ಲರಿಗೂ ಕೇಳುವಂತೆ, “ಇಷ್ಟು ಹೊಗಳೋನು ಅವಳ ಕೋಣೆಗೊಂದು ಫ್ಯಾನ್ ಯಾಕೆ ಹಾಕ್ಸಿರ್ಲಿಲ್ಲ?” ಎಂದರು.

ಜನ ಚಿತ್ರದ ಮುಂದೆ ಗುಂಪುಗಟ್ಟಿದರು. ಒಬ್ಬ ಹೆಂಗಸು ನನ್ನನ್ನೇ ಕೇಳಿದಳು, “ಇದು ಯಾರ ನೆರಳು ಅಂತ ನಿಮಗೇನಾದ್ರೂ ಗೊತ್ತಾ?” “ನಂದು,” ಎಂದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಗುಂಪು ಕರಗಿದ ಮೇಲೆ ಮೇಷ್ಟ್ರನ್ನು ಕೈಹಿಡಿದು ಚಿತ್ರದ ಹತ್ತಿರ ಕರೆದೊಯ್ದು ಕೂರಿಸಿದೆ. ಅವರಿಗೆ ಏನೂ ಕಾಣುವುದಿಲ್ಲ. ಮೂಗು ಮುಂದೆ ಮಾಡಿ ವಾಸನೆ ನೋಡಿದರು.

“ಉಗುಳಲ್ಲೇ ಒರೆಸಿದ್ಯಾ?”

“ಪೂರ್ತಿ. ಐದು ವಾರ ಹಿಡೀತು.”

“ನೆರಳು ಹಾಗೇ ಇದ್ಯಾ?”

“ಹಾಗೇ ಇದೆ.”

“ನೀನು?”

“ಇಲ್ಲೇ ಇದೀನಲ್ಲಪ್ಪ,” ಎಂದೆ. ಅವರು ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಐದಕ್ಕೆ ಹೊರಬಿದ್ದೆವು. ಮೇಷ್ಟ್ರು ನನ್ನ ತೋಳು ಹಿಡಿದಿದ್ದರು, ಅತ್ತೆಯ ಕೈಯಲ್ಲಿ ಹಾರ, ನನ್ನ ಕಂಕುಳಲ್ಲಿ ಖಾಲಿ ಡಬ್ಬಿ. ಚೌಕದಲ್ಲಿ, ಕಾರುಗಳ ನಡುವೆ ಜಾಗ ಮಾಡಿಕೊಂಡು ನಡೆದೆವು. ಅರ್ಧ ದಾರಿಯಲ್ಲಿ ಅತ್ತೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ರೇಷ್ಮೆ ಉಟ್ಕೊಂಡು ತಲೇಲಿ ಅದೇನೇ ಕಡ್ಡಿ ಸಿಕ್ಕಿಸ್ಕೊಂಡಿದೀಯ? ಇಷ್ಟು ಜನದ ಮುಂದೆ! ತೆಗಿ ಅದನ್ನ.”

ನಾನು ಕೈ ಎತ್ತಿದೆ.

“ಇರ್ಲಿ ಬಿಡು,” ಎಂದರು ಮೇಷ್ಟ್ರು.